ಮನೆ ಮಿಕ್ಸಿಯಲ್ಲಿ ಹಸಿರು ಸ್ಮೂದಿ: ಯಾವ ಸೊಪ್ಪು, ಯಾವ ಹಣ್ಣು?

ಕೋಡಿಬಾಗದವಳು:

ಕಾರವಾರದಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಒಂದು ಲೋಟ ಹಣ್ಣು-ಸೊಪ್ಪಿನ ಸ್ಮೂದಿ ಕುಡಿಯಬೇಕು ಅಂತ ಆಸೆ. ಮಗಳಿಗೂ ಕೊಡಬೇಕು. ಅವಳು ಏಳನೇ ಕ್ಲಾಸು, ಸೊಪ್ಪಿನ ಪಲ್ಯ ಬಡಿಸಿದರೆ ಬದಿಗೆ ಸರಿಸಿ ಇಡುತ್ತಾಳೆ, ಹಣ್ಣಾದರೆ ಎಷ್ಟು ಕೊಟ್ಟರೂ ತಿನ್ನುತ್ತಾಳೆ. ಮನೆಯಲ್ಲಿ ಇರುವುದು 500 ವ್ಯಾಟಿನ ಮಾಮೂಲಿ ಮಿಕ್ಸಿ. ಬೇರೆ ಬ್ಲೆಂಡರ್ ಕೊಳ್ಳುವ ಯೋಚನೆ ಸದ್ಯಕ್ಕೆ ಇಲ್ಲ.

ತೊಂದರೆ ಏನಂದರೆ, ಪಾಲಕ್, ಬಾಳೆಹಣ್ಣು, ಪಪ್ಪಾಯಿ, ಐಸು ಎಲ್ಲ ಒಟ್ಟಿಗೆ ಹಾಕಿ ತಿರುಗಿಸಿದರೆ ಸೊಪ್ಪು ನುಣ್ಣಗೆ ಆಗುವುದೇ ಇಲ್ಲ, ಚೂರು ಚೂರು ಹಾಗೇ ಉಳಿದು ಹಲ್ಲಿಗೆ ಸಿಗುತ್ತದೆ. ಹುಲ್ಲಿನ ವಾಸನೆ ಬೇರೆ. ಬಣ್ಣವೂ ಹಸಿರಲ್ಲ, ಒಂಥರಾ ಮಣ್ಣು ಮಣ್ಣು. ಸ್ವಲ್ಪ ಹೊತ್ತು ಇಟ್ಟರೆ ಮೇಲೆ ನೊರೆ ನಿಂತು ಕೆಳಗೆ ನೀರು ಒಡೆಯುತ್ತದೆ.

ಪಾಲಕ್ ನಾನು ಭಾನುವಾರದ ಸಂತೆಯಿಂದ ತರುತ್ತೇನೆ, ಘಟ್ಟದ ಮೇಲಿಂದ ಬರುವುದು, ಎರಡು ದಿನಕ್ಕೆ ಬಾಡುತ್ತದೆ. ಹಿತ್ತಲಲ್ಲಿ ಬಸಳೆ ಚಪ್ಪರ ಇದೆ, ಎರಡು ಚಕ್ರಮುನಿ ಗಿಡ ಇದೆ. ಅವನ್ನೇ ಹಾಕಬಹುದಾ? ಇನ್ನೊಂದು, ಮಳೆಗಾಲದಲ್ಲಿ ಹಸಿ ಸೊಪ್ಪು ಬೇಡ ಅಂತ ಅತ್ತೆ ಹೇಳುತ್ತಾರೆ. ಅವರ ಮಾತು ಸರಿ ಅಂತ ನನಗೂ ಅನಿಸುತ್ತದೆ. ಹಾಗಾದರೆ ಈಗ ಮಾಡುವುದು ಹೇಗೆ? ದಿನಾ ಮಾಡಿ ರೂಢಿ ಇರುವವರು ದಯವಿಟ್ಟು ಹೇಳಿ.

ತೋಟದಮನೆ ಶಿರಸಿ:

ತಂಗೀ, ಮೊದಲು ಹಾಕುವ ಕ್ರಮ ಬದಲಿಸು. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಮಿಕ್ಸಿಗೆ ಎಲ್ಲ ಒಟ್ಟಿಗೆ ಹಾಕಿದರೆ ಬ್ಲೇಡು ಮೆತ್ತಗಿನ ಹಣ್ಣನ್ನು ಬೇಗ ಅರೆಯುತ್ತದೆ, ಆಮೇಲೆ ಆ ದಪ್ಪ ರಸದಲ್ಲಿ ಎಲೆಗಳು ಸುಮ್ನೆ ಸುತ್ತುತ್ತಾ ಇರುತ್ತವೆ. ಅದಕ್ಕೇ ಸೊಪ್ಪನ್ನು ಮೊದಲು, ಒಂದನ್ನೇ ಅರೆಯಬೇಕು. ದೊಡ್ಡ ಜಾರು ಬೇಡ, ಚಟ್ನಿ ಜಾರು ತಗೋ. ದಂಟು ಪೂರ್ತಿ ತೆಗೆದು ಎಲೆ ಮಾತ್ರ ಒಂದು ಹಿಡಿ, ಕಾಲು ಲೋಟ ನೀರು, ಶುಂಠಿ ಹಾಕುವುದಿದ್ದರೆ ಅದೂ ಈಗಲೇ. ನಿಲ್ಲಿಸಿ ನಿಲ್ಲಿಸಿ ತಿರುಗಿಸು, ನಡುವೆ ಜಾರಿನ ಬದಿಗೆ ಅಂಟಿದ್ದನ್ನು ಚಮಚದಲ್ಲಿ ಕೆಳಗೆ ತಳ್ಳು. ಆಯಿತೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿದರೆ ತಿಳಿಯುವುದಿಲ್ಲ. ಒಂದು ಹನಿ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕು, ತರಿ ಸಿಕ್ಕರೆ ಇನ್ನೂ ಬೇಕು, ಜಾರಿದರೆ ಆಯಿತು. ಆಮೇಲೆ ದೊಡ್ಡ ಜಾರಿಗೆ ಸುರಿದು ಹಣ್ಣು ಹಾಕಿದರೆ ಅರ್ಧ ನಿಮಿಷದ ಕೆಲಸ. ನೊರೆ ಬರುವುದು ಜಾಸ್ತಿ ಹೊತ್ತು ಜೋರಾಗಿ ತಿರುಗಿಸುವುದರಿಂದ. ಹಣ್ಣು ಹಾಕಿದ ಮೇಲೆ ಒಂದನೇ ನಂಬರಿನಲ್ಲೇ ಮುಗಿಸು.

ಐಸು ಬೇಡವೇ ಬೇಡ. 500 ವ್ಯಾಟಿನ ಮಿಕ್ಸಿಯಲ್ಲಿ ಅದು ಸರಿಯಾಗಿ ಪುಡಿಯಾಗುವುದಿಲ್ಲ, ಬ್ಲೇಡಿಗೂ ಕೆಟ್ಟದು, ಕರಗಿದ ಮೇಲೆ ಸ್ಮೂದಿ ನೀರು ನೀರು. ಅದರ ಬದಲು ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಬಿಲ್ಲೆ ಬಿಲ್ಲೆ ಹೆಚ್ಚಿ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿಡು. ತಂಪೂ ಆಯಿತು, ದಪ್ಪವೂ ಆಯಿತು, ನೀರು ಒಡೆಯುವುದೂ ಕಡಿಮೆ. ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಬಿದ್ದ ಹಣ್ಣು ಇದಕ್ಕೆ ಒಳ್ಳೆಯದು. ಆಗ ಸಕ್ಕರೆ ಬೇಡ, ಜೋನಿ ಬೆಲ್ಲವೂ ಬೇಡ.

ಮಳೆಗಾಲದ ಬಗ್ಗೆ ನಿನ್ನ ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ಈ ದಿನಗಳಲ್ಲಿ ಸೊಪ್ಪಿಗೆ ಮಣ್ಣು ಸಿಡಿದಿರುತ್ತದೆ, ಎಲೆ ಅಡಿಗೆ ಹುಳದ ಮೊಟ್ಟೆ ಇರುತ್ತದೆ, ಗದ್ದೆಗೆ ಎಂಥ ನೀರು ನುಗ್ಗಿತ್ತು ಅಂತ ಯಾರಿಗೆ ಗೊತ್ತು. ನಮ್ಮಲ್ಲಿ ತಂಬುಳಿಗೆ ಸೊಪ್ಪನ್ನು ಜೀರಿಗೆ ಜೊತೆ ತುಪ್ಪದಲ್ಲಿ ಬಾಡಿಸಿಕೊಂಡೇ ಅರೆಯುತ್ತೇವೆ ಅಲ್ವಾ, ಇಲ್ಲಿಯೂ ಬುದ್ಧಿ ಅದೇ, ತುಪ್ಪದ ಬದಲು ಬಿಸಿನೀರು. ಎಲೆಯನ್ನು ಮೂರು ನಾಲ್ಕು ನೀರಿನಲ್ಲಿ ತೊಳೆ, ತಳದಲ್ಲಿ ಮರಳು ನಿಲ್ಲದ ತನಕ. ಆಮೇಲೆ ಕೊತ ಕೊತ ಕುದಿಯುವ ನೀರಿಗೆ ಹಾಕಿ ಒಂದು ನಿಮಿಷ ಬಿಟ್ಟು ತೆಗೆದು, ಕುದಿಸಿ ಆರಿಸಿದ ತಣ್ಣೀರಿಗೆ ಹಾಕು. ಬಣ್ಣ ಇನ್ನೂ ಚಂದ ಬರುತ್ತದೆ, ಹುಲ್ಲಿನ ವಾಸನೆ ಹೋಗುತ್ತದೆ, ಎಲೆ ಮೆತ್ತಗಾಗಿ ಮಿಕ್ಸಿಗೂ ಸುಲಭ. ವಿಟಮಿನ್ ಸಿ ಸ್ವಲ್ಪ ಹೋಗುತ್ತದೆ. ಹೋಗಲಿ, ಅದನ್ನು ಹಣ್ಣು ತುಂಬಿಕೊಡುತ್ತದೆ.

ಹಣ್ಣಿನಲ್ಲಿ ನನ್ನ ಓಟು ಅನಾನಸಿಗೆ. ಬನವಾಸಿ ಕಡೆಯದು ಈಗ ನಮ್ಮ ಪೇಟೆ ತುಂಬ ಇದೆ. ಸೊಪ್ಪಿನ ವಾಸನೆ ಮುಚ್ಚುವುದಕ್ಕೆ ಅದರಷ್ಟು ಒಳ್ಳೆ ಹಣ್ಣು ಬೇರೆ ಇಲ್ಲ. ಬಣ್ಣ ಕೆಡುವುದು ಪಪ್ಪಾಯಿಯಿಂದ. ಹಸಿರಿಗೆ ಕೆಂಪು ಬೆರೆತರೆ ಕಂದೇ ಆಗುವುದು. ಅನಾನಸ್, ಬಾಳೆ, ಪೇರಲೆ ಹಾಕಿದರೆ ಹಸಿರು ನಿಲ್ಲುತ್ತದೆ.

ಅಂಕೋಲೆ ಅಡುಗೆ:

ಶಿರಸಿ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅನಾನಸ್ ಹಾಕಿದ ದಿನ ಹಾಲು ಮೊಸರು ಹಾಕಬೇಡಿ. ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಅಂತ ಒಂದು ಕಿಣ್ವ ಇದೆ, ಅದು ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು, ಕಹಿ ಶುರು. ಪಪ್ಪಾಯಿಯಲ್ಲೂ ಅಂಥದ್ದೇ ಇನ್ನೊಂದು ಇದೆ. ಮೊಸರು ಬೇಕೇ ಬೇಕು ಅಂದರೆ ಅನಾನಸ್ ಹೋಳನ್ನು ಐದು ನಿಮಿಷ ಬೇಯಿಸಿ ಆರಿಸಿ ಹಾಕಿ, ಆಗ ಕಹಿಯಾಗುವುದಿಲ್ಲ. ಇಲ್ಲವೇ ಬಾಳೆಹಣ್ಣಿಗೆ ಮೊಸರು, ಅನಾನಸಿಗೆ ಎಳನೀರು ಅಂತ ಬೇರೆ ಬೇರೆ ಇಟ್ಟುಕೊಳ್ಳಿ.

ಎಳನೀರು ಹಾಕುವವರು ಒಳಗಿನ ಎಳೆ ಗಂಜಿಯನ್ನು ಎಸೆಯಬೇಡಿ, ಕೆರೆದು ಮಿಕ್ಸಿಗೇ ಹಾಕಿ. ಹಾಲು ಮೊಸರು ಏನೂ ಇಲ್ಲದೆ ಕೆನೆ ಕೆನೆಯಾಗಿ ಬರುತ್ತದೆ. ನಮ್ಮ ಕರಾವಳಿಯವರಿಗೆ ಇದಕ್ಕಿಂತ ಸುಲಭ ಯಾವುದು ಹೇಳಿ.

ಬಣ್ಣದ ಮಾತು ಮಾತ್ರ ನಾನು ಒಪ್ಪುವುದಿಲ್ಲ. ಬಣ್ಣಕ್ಕೋಸ್ಕರ ಮಾವಿನಹಣ್ಣು ಬಿಡುವುದಾ? ನಮ್ಮ ಕರಿ ಇಶಾಡು ಮೇ ತಿಂಗಳಲ್ಲಿ ಬಂದು ಕೆಲವೇ ವಾರದಲ್ಲಿ ಮುಗಿಯುತ್ತದೆ, 2023ರಲ್ಲಿ ಜಿಐ ಟ್ಯಾಗೂ ಸಿಕ್ಕಿತು. ಸಿಪ್ಪೆ ತೆಳು, ಜಾಸ್ತಿ ದಿನ ಇಡುವುದಕ್ಕೆ ಆಗುವುದಿಲ್ಲ. ನಾವು ರಸ ತೆಗೆದು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿನಲ್ಲಿ ಇಟ್ಟುಕೊಳ್ಳುತ್ತೇವೆ. ಎರಡು ಚಮಚ ಆ ರಸ, ಒಂದು ಹಿಡಿ ಬಾಡಿಸಿದ ಪಾಲಕ್, ಚಿಟಿಕೆ ಉಪ್ಪು. ಬಣ್ಣ ಆಲಿವ್ ಕಾಯಿಯ ಹಾಗೆ ಆಗುತ್ತದೆ, ರುಚಿ ಮಾತ್ರ ಅದ್ಭುತ. ಮಗಳಿಗೆ ಬಣ್ಣ ಇಷ್ಟ ಆಗದಿದ್ದರೆ ಸ್ಟೀಲ್ ಲೋಟದಲ್ಲಿ ಕೊಡಿ.

ಪೇರಲೆ ಹಾಕುವುದಾದರೆ ಬೀಜದ ಭಾಗ ಬೇರೆ ತೆಗೆದು ಜರಡಿಯಲ್ಲಿ ತಿಕ್ಕಿ ಸೋಸಿಕೊಳ್ಳಿ. ಬೀಜ ಮಿಕ್ಸಿಯಲ್ಲಿ ಒಡೆದರೆ ಪೂರ್ತಿ ಮರಳು ಮರಳು. ಬಸಳೆ ಸ್ಮೂದಿಗೆ ಬೇಡ, ಲೋಳೆ ಬಿಡುತ್ತದೆ, ಅದು ಸಾರಿಗೇ ಚಂದ. ಸೊಪ್ಪು ಸಂತೆಗೇ ಕಾಯಬೇಕಾಗಿಲ್ಲ, ನಿಮ್ಮ ಕಡೆಯೂ ಬುಟ್ಟಿ ಹೊತ್ತು ಬರುವವರು ಇರುತ್ತಾರೆ. ಇಲ್ಲಿ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಬೆಳಿಗ್ಗೆ ಕೊಯ್ದು ತರುವ ಸೊಪ್ಪಿನ ಮುಂದೆ ಲಾರಿಯಲ್ಲಿ ಬಂದದ್ದು ಏನೂ ಅಲ್ಲ. ಎಳೆ ಹಸಿರು ಹರಿವೆ ಸಿಕ್ಕರೆ ತಗೊಳ್ಳಿ. ಅದನ್ನೂ ಬಿಸಿನೀರಿಗೆ ಹಾಕಿಯೇ ಬಳಸಬೇಕು. ಕೆಂಪು ಹರಿವೆ ಬೇಡ.

ಕೋಡಿಬಾಗದವಳು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸೊಪ್ಪು ಮೊದಲು ಅರೆಯಬೇಕು ಅನ್ನುವುದು ಎಲ್ಲೂ ಓದಿರಲಿಲ್ಲ. ಆದರೆ ಚಕ್ರಮುನಿ ವಿಷಯ ಯಾರೂ ಹೇಳಲಿಲ್ಲ. ಪಕ್ಕದ ಮನೆಯವರು ಅದಕ್ಕೆ ವಿಟಮಿನ್ ಸೊಪ್ಪು ಅಂತಲೇ ಹೆಸರು, ಹಸಿಯಾಗೇ ಹಾಕಿ ದಿನಾ ಕುಡಿ, ತೂಕವೂ ಇಳಿಯುತ್ತದೆ ಅನ್ನುತ್ತಾರೆ. ಗಿಡ ಕೈಗೆ ಸಿಗುವ ಹಾಗೆ ಇದೆ, ದುಡ್ಡೂ ಬೇಡ. ಇನ್ನೊಂದು ಪ್ರಶ್ನೆ, ಮಾವನವರಿಗೆ ರಕ್ತ ತೆಳುವಾಗುವ ಮಾತ್ರೆ ಇದೆ. ಅವರೂ ಒಂದು ಲೋಟ ಕೊಡು ಅನ್ನುತ್ತಿದ್ದಾರೆ.

ಕುಮಟಾ ಪಥ್ಯ:

ಅಕ್ಕಾ, ಚಕ್ರಮುನಿ ಹಸಿಯಾಗಿ ಖಂಡಿತಾ ಬೇಡ. ನಾನು ಆಹಾರ-ಪಥ್ಯ ಹೇಳುವ ಕೆಲಸದಲ್ಲಿ ಇದ್ದೇನೆ, ಇದನ್ನು ಯಾರು ಕೇಳಿದರೂ ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಈ ಗಿಡ ಇಲ್ಲದ ಹಿತ್ತಲು ಕಡಿಮೆ.

1990ರ ದಶಕದ ನಡುವಿನಲ್ಲಿ ತೈವಾನಿನಲ್ಲಿ ಇದೇ ಗಿಡದ ಹಸಿ ಎಲೆಯ ರಸವನ್ನು ತೂಕ ಇಳಿಸುವುದಕ್ಕೆ ಅಂತ ಜನ ಕುಡಿದರು. ಕುಡಿದದ್ದು ಹೇಗೆ ಗೊತ್ತಾ, ಪೇರಲೆ ಇಲ್ಲವೇ ಅನಾನಸ್ ರಸದ ಜೊತೆ ಅರೆದು. ಅಂದರೆ ನೀವು ಈಗ ಮಾಡಬೇಕು ಅಂತ ಇರುವುದೇ. ವಾರಗಟ್ಟಲೆ ಕುಡಿದವರಲ್ಲಿ ಎಷ್ಟೋ ಜನಕ್ಕೆ ಉಸಿರು ಕಟ್ಟುವುದು, ಒಣ ಕೆಮ್ಮು ಶುರುವಾಯಿತು. ಶ್ವಾಸಕೋಶದ ಸಣ್ಣ ಸಣ್ಣ ಗಾಳಿ ಕೊಳವೆಗಳು ಕಟ್ಟಿಹೋಗಿದ್ದವು. ಒಮ್ಮೆ ಹಾಗಾದರೆ ಅದು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು, ಕೆಲವರು ತೀರಿಕೊಂಡರು. ಬೇಯಿಸಿ ಪಲ್ಯ, ಸಾರು ಮಾಡಿ ಅಡುಗೆಯ ಅಳತೆಯಲ್ಲಿ ತಿನ್ನುವುದು ಬೇರೆ ಮಾತು, ಮಲೇಷ್ಯಾ ಕಡೆಯೂ ಅದನ್ನು ಬೇಯಿಸಿ ಊಟದಲ್ಲಿ ತಿನ್ನುತ್ತಾರೆ. ಹಸಿ ರಸ, ಅದೂ ದಿನಾ ಲೋಟಗಟ್ಟಲೆ, ಬೇಡ. ಪಕ್ಕದ ಮನೆಯವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಅವರಿಗೂ ದಯವಿಟ್ಟು ಇದನ್ನು ತಿಳಿಸಿ.

ಹಾಗೇ ಕೆಸುವಿನ ಎಲೆಯೂ ಹಸಿ ಬೇಡ. ಅದರಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು ಇರುತ್ತದೆ, ಗಂಟಲು ಹಿಡಿದುಕೊಳ್ಳುತ್ತದೆ. ಕರಕಲಿ ಮಾಡುವಾಗ ಹುಳಿ ಹಾಕಿ ಅಷ್ಟು ಹೊತ್ತು ಬೇಯಿಸುವುದು ಸುಮ್ನೆ ಅಲ್ಲ. ಹಿತ್ತಲ ಸೊಪ್ಪೇ ಬೇಕು ಅಂದರೆ ಒಂದೆಲಗದ ನಾಲ್ಕೈದು ಎಲೆ ಪಾಲಕ್ ಜೊತೆ ಸೇರಿಸಬಹುದು, ಅದೂ ತೊಳೆದು ಬಾಡಿಸಿ. ಜಾಸ್ತಿ ಹಾಕಿದರೆ ಒಗರು. ನುಗ್ಗೆ ಸೊಪ್ಪೂ ಅಷ್ಟೇ, ಒಂದು ಚಮಚದಷ್ಟು ಎಳೆ ಚಿಗುರು, ಬೇಯಿಸಿ.

ಮಾವನವರದ್ದು ಯಾವ ಮಾತ್ರೆ ಅಂತ ನೋಡಿ. ವಾರ್ಫರಿನ್ ಇದ್ದರೆ ಜಾಗ್ರತೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ, ಅದು ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದದ್ದು, ಮಾತ್ರೆ ಮಾಡುವುದು ಅದರ ವಿರುದ್ಧದ ಕೆಲಸ. ಇಷ್ಟು ದಿನ ಅಷ್ಟಾಗಿ ಸೊಪ್ಪು ತಿನ್ನದವರು ಒಮ್ಮೆಲೇ ದಿನಾ ಒಂದು ಲೋಟ ಶುರು ಮಾಡಿದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಡಾಕ್ಟರನ್ನು ಕೇಳದೆ ಕೊಡಬೇಡಿ. ಹೊಸ ತರಹದ ಬೇರೆ ಮಾತ್ರೆಗಳಿಗೆ ಈ ತೊಂದರೆ ಇರುವುದಿಲ್ಲ, ಆದರೂ ಹೆಸರು ತೋರಿಸಿ ಕೇಳುವುದೇ ಒಳ್ಳೆಯದು. ಮೂತ್ರಪಿಂಡದಲ್ಲಿ (ಕಿಡ್ನಿಯಲ್ಲಿ) ಕಲ್ಲು ಆದವರು ಮನೆಯಲ್ಲಿ ಇದ್ದರೆ ಪಾಲಕ್ ಸ್ಮೂದಿ ದಿನಾ ಬೇಡ, ಅದರಲ್ಲೂ ಆಕ್ಸಲೇಟ್ ತುಂಬಾ. ಬಿಸಿನೀರಿಗೆ ಹಾಕಿ ಆ ನೀರು ಚೆಲ್ಲಿದರೆ ಸ್ವಲ್ಪ ಕಡಿಮೆ ಆಗುತ್ತದೆ, ಮೊಸರು ಜೊತೆಗಿದ್ದರೆ ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ.

ಮಗಳಿಗೆ ಧಾರಾಳವಾಗಿ ಕೊಡಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಜೊತೆಗೆ ವಿಟಮಿನ್ ಸಿ ಇದ್ದರೆ ಚೆನ್ನಾಗಿ ಹತ್ತುತ್ತದೆ. ನೂರು ಗ್ರಾಂ ಪೇರಲೆಯಲ್ಲಿ ಸುಮಾರು 200 ಮಿಲಿಗ್ರಾಂ ಇರುತ್ತದೆ, ಲಿಂಬೆಗಿಂತ ಎಷ್ಟೋ ಜಾಸ್ತಿ. ಸ್ಮೂದಿ ಕುಡಿದ ಕೂಡಲೇ ಚಾ ಮಾತ್ರ ಬೇಡ, ಒಂದು ಗಂಟೆ ಬಿಡಲಿ. ಸೋಸಬೇಡಿ, ನಾರು ಹೊಟ್ಟೆಗೆ ಹೋಗಬೇಕು.

ತೋಟದಮನೆ ಶಿರಸಿ:

ಕುಮಟೆಯವರು ಹೇಳಿದ್ದು ಒಳ್ಳೆಯದಾಯಿತು. ನಮ್ಮ ಮನೆಯಲ್ಲಿ ಚಕ್ರಮುನಿ ಯಾವಾಗಲೂ ಬೆಂದೇ ಎಲೆಗೆ ಬೀಳುವುದು, ಹಾಗಾಗಿ ಹಸಿ ರಸದ ಕಥೆ ನನಗೂ ಹೊಸದು. ಇಲ್ಲಿ ಬಳಗದವರಿಗೆಲ್ಲ ಹೇಳುತ್ತೇನೆ.

ತಂಗೀ, ಪಾಲಕ್ ಎರಡು ದಿನಕ್ಕೆ ಬಾಡುತ್ತದೆ ಅಂದಿಯಲ್ಲ, ಅದಕ್ಕೆ ಉಪಾಯ ಇದೆ. ತಂದ ದಿನವೇ ಪೂರ್ತಿ ಕಟ್ಟು ತೊಳೆದು, ಬಿಸಿನೀರಿಗೆ ಹಾಕಿ ತೆಗೆದು, ಆದಷ್ಟು ಕಡಿಮೆ ನೀರಲ್ಲಿ ನುಣ್ಣಗೆ ಅರೆದು ಐಸ್ ಟ್ರೇಯಲ್ಲಿ ಗಟ್ಟಿ ಮಾಡು. ಆಮೇಲೆ ಬಿಡಿಸಿ ಡಬ್ಬಿಗೆ ಹಾಕಿ ಮುಚ್ಚಿಡು. ಬೆಳಿಗ್ಗೆ ಲೋಟಕ್ಕೆ ಎರಡು ತುಂಡು ತೆಗೆದರೆ ಸಾಕು, ಆಫೀಸಿನ ಗಡಿಬಿಡಿಯಲ್ಲಿ ಎಲೆ ಬಿಡಿಸುತ್ತಾ ಕೂರಬೇಕಾಗಿಲ್ಲ. ಮಿಕ್ಸಿಗೆ ಹಾಕುವ ಮೊದಲು ಸ್ವಲ್ಪ ನೀರಲ್ಲಿ ಕರಗಿಸಿಕೋ. ಮಳೆಗೆ ಕರೆಂಟು ಹೋಗಿ ತುಂಡುಗಳು ಪೂರ್ತಿ ಕರಗಿದರೆ ಮತ್ತೆ ಗಟ್ಟಿ ಮಾಡಲು ಇಡಬೇಡ. ತಣ್ಣಗೆ ಇರುವಾಗಲೇ ಅವತ್ತಿನ ಚಪಾತಿ ಹಿಟ್ಟಿಗೆ ಕಲಸಿಬಿಡು.

ಮಗಳಿಗೆ ಶುರುವಿನಲ್ಲಿ ಒಂದೇ ತುಂಡು ಹಾಕು. ಒಂದು ಬಾಳೆಹಣ್ಣು, ಅರ್ಧ ಬಟ್ಟಲು ಅನಾನಸ್, ನಾಲ್ಕು ಪುದೀನ ಎಲೆ, ಮುಕ್ಕಾಲು ಲೋಟ ಎಳನೀರು. ಲಿಂಬೆ ಹಿಂಡುವುದಿದ್ದರೆ ಕುಡಿಯುವ ಹೊತ್ತಿಗೆ ಹಿಂಡು, ಹುಳಿ ಬಿದ್ದು ಹೊತ್ತಾದರೆ ಹಸಿರು ಮಾಸುತ್ತದೆ. ಬಾಯಿಗೆ ರೂಢಿ ಆಗುತ್ತಾ ಬಂದ ಹಾಗೆ ಸೊಪ್ಪು ಹೆಚ್ಚಿಸು, ಅನಾನಸ್ ಕಡಿಮೆ ಮಾಡು. ಮಾಡಿದ ಕೂಡಲೇ ಕುಡಿಯಲಿ, ಶಾಲೆಗೆ ಬಾಟಲಿಯಲ್ಲಿ ಕಟ್ಟಿ ಕಳಿಸಬೇಡ.