ಸಹಾಯ ಬೇಕು: ಅವಳು ‘ರೀ’ ಬಿಡೋದು ಯಾವಾಗ?

ಎಲ್ಲರಿಗೂ ನಮಸ್ಕಾರ. ಗದಗದಲ್ಲಿ ನಡೆಯುವ ಒಂದು ಪ್ರೇಮ ಕಾದಂಬರಿ ಬರೆಯುತ್ತಿದ್ದೇನೆ. 11ನೇ ಅಧ್ಯಾಯಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ಹುಡುಗಿ ಬೆಟಗೇರಿಯ ನೇಕಾರರ ಮನೆಯವಳು. ಹುಡುಗನದು ಗದಗದಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್. ಅಕ್ಕನ ಲಗ್ನಪತ್ರಿಕೆ ಮಾಡಿಸಲು ಹೋದಾಗ ಪರಿಚಯ. ‘ಪ್ರೂಫ್ ನೋಡ್ರಿ’ ಅಂತ ಅವನು, ‘ಅಪ್ಪನ ಹೆಸರು ತಪ್ಪೈತ್ರಿ’ ಅಂತ ಅವಳು. ಹತ್ತು ಅಧ್ಯಾಯ ‘ರೀ’ಯಲ್ಲೇ ಸಾಗಿದೆ. ನಮ್ಮ ಕಡೆ ಆ ‘ರೀ’ಯಲ್ಲೇ ಅರ್ಧ ಪ್ರೀತಿ ಇರುತ್ತೆ, ಅಲ್ವಾ?

ಈಗ ವೀರನಾರಾಯಣ ಗುಡಿಯ ಅಂಗಳದಲ್ಲಿ ಅವಳು ಮನಸ್ಸು ಬಿಚ್ಚಿ ಹೇಳಬೇಕು. ‘ನೀ ನನಗ ಬೇಕು’ ಅಂತ ಬರೆದೆ, ಸಲಿಗೆ ಜಾಸ್ತಿ ಆಯಿತು. ‘ನೀವು ನನಗ ಬೇಕ್ರಿ’ ಅಂತ ತಿದ್ದಿದೆ, ಅಂಗಡಿಯಲ್ಲಿ ಸಾಮಾನು ಕೇಳಿದಂತಾಯಿತು. ಪುಸ್ತಕದ ಕನ್ನಡಕ್ಕೆ ತಿರುಗಿಸಿದೆ, ಅವಳು ಬೆಟಗೇರಿಯವಳಾಗಿ ಉಳಿಯಲೇ ಇಲ್ಲ. ಅವ್ವನನ್ನು ಕೇಳಿದೆ. ಮದುವೆಯಾಗಿ 30 ವರ್ಷವಾದರೂ ತಾನು ಅಪ್ಪನಿಗೆ ‘ರೀ’ ಅಂತಲೇ ಅನ್ನೋದು ಎಂದಳು.

ಗದಗ, ಹುಬ್ಬಳ್ಳಿ, ಹಾವೇರಿ ಕಡೆಯ ಅಕ್ಕ-ತಂಗಿಯರೇ, ಈಗಿನ 24-25 ವಯಸ್ಸಿನ ಹುಡುಗಿ ಮದುವೆಗೆ ಮುಂಚೆಯೇ ‘ನೀ’ ಅಂತಾಳಾ? ಇಲ್ಲಾ ‘ರೀ’ ಇಟ್ಟುಕೊಂಡೇ ಹೇಳ್ತಾಳಾ? ಅವಳ ಬಾಯಲ್ಲಿ ಬರುವಂಥ ಒಂದೇ ಒಂದು ಸಾಲು ಬರೆದು ತೋರಿಸ್ತೀರಾ?