ರಿಫರ್ಬಿಶ್ಡ್ ಗಾಲ್ಫ್ ಬಾಲ್ ತೆಗೆದುಕೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಕಾಪು_ಹೊಸಬ: ಆರು ತಿಂಗಳಿಂದ ಗಾಲ್ಫ್ ಕಲಿಯುತ್ತಿದ್ದೇನೆ. ಭಾನುವಾರ ಮಂಗಳೂರಿನ ಪಿಲಿಕುಳ ಗಾಲ್ಫ್ ಕೋರ್ಸ್‌ಗೆ ಬರುತ್ತೇನೆ. ಪ್ರತಿ ಸಲ ಐದಾರು ಬಾಲ್ ಕಾಡಿನ ಪಾಲು. ಆನ್‌ಲೈನ್‌ನಲ್ಲಿ ರಿಫರ್ಬಿಶ್ಡ್ (ಹಳೆಯದಕ್ಕೆ ಪುನಃ ಪೇಂಟ್ ಬಳಿದ) ಪ್ರೋ ವಿ1, ಅಂದರೆ ಟೈಟ್ಲಿಸ್ಟ್ ಕಂಪನಿಯ ಬಾಲ್, ಎರಡು ಡಜನ್‌ಗೆ 2,900 ತೋರಿಸುತ್ತಿದೆ. ಬರೀ ತೊಳೆದು ಮಾರುವ ಯೂಸ್ಡ್ ಬಾಲ್ ಆದರೆ ಅಷ್ಟಕ್ಕೇ 2,200. ನನ್ನ ಡ್ರೈವ್ (ಮೊದಲ ಉದ್ದ ಹೊಡೆತ) 170 ಗಜ ದಾಟುವುದಿಲ್ಲ. ಯಾವುದು ಒಳ್ಳೆಯದು?

ರಥಬೀದಿ_ಸ್ಲೈಸ್: ರಿಫರ್ಬಿಶ್ಡ್ ಹತ್ತಿರ ಹೋಗಲೇಬೇಡಿ ಮಾರಾಯ್ರೇ. ನಾನು ಕಳೆದ ನವೆಂಬರ್‌ನಲ್ಲಿ ಮೂರು ಡಜನ್ ತರಿಸಿದೆ. 4,140 ರೂಪಾಯಿ, ಮೇಲೆ ಕೊರಿಯರ್ 180. ಪೆಟ್ಟಿಗೆ ಬಿಚ್ಚಿದಾಗ ಮದುಮಗಳ ಹಾಗೆ ಹೊಳೆಯುತ್ತಿತ್ತು. ಎರಡನೇ ಹೋಲ್‌ನಲ್ಲಿ ವೆಡ್ಜ್ (ಹತ್ತಿರದ ಹೊಡೆತದ ಕೋಲು) ತಾಗಿದ ಕಡೆ ಪೇಂಟ್ ಚಕ್ಕೆ ಎದ್ದು ಬಂತು. ಅಡಿಯಲ್ಲಿ ಕಂದು ಬಣ್ಣ. ಅಂದರೆ ಅದು ಎಷ್ಟೋ ಕಾಲ ಯಾವುದೋ ಕೆರೆಯ ತಳದಲ್ಲಿ ಇದ್ದದ್ದು. ಬರೀ ತೊಳೆದ ಬಾಲ್‌ನಲ್ಲಿ ಆ ಕಲೆ ಕಣ್ಣಿಗೆ ಕಾಣುತ್ತದೆ. ಇದರಲ್ಲಿ ಹಳೆ ಪೇಂಟ್ ತೆಗೆದು, ಹೊಸದು ಬಳಿದು, ಮೇಲೆ ಪುನಃ ಮುದ್ರೆ ಒತ್ತುತ್ತಾರೆ. ಎಂತ ಗೊತ್ತಾಗುತ್ತದೆ?

ನನಗೆ ತಲೆ ಕೆಟ್ಟಿತು. ಬಾವನ ಚಿನ್ನದ ಅಂಗಡಿಗೆ ತೆಗೆದುಕೊಂಡು ಹೋಗಿ ತಕ್ಕಡಿಯಲ್ಲಿ ಒಂದೊಂದೇ ಇಟ್ಟೆ. ನಿಯಮದ ಪ್ರಕಾರ ಬಾಲ್ 45.93 ಗ್ರಾಂ ಮೀರಬಾರದು. 36ರಲ್ಲಿ ಏಳು ಮೀರಿತ್ತು. ಒಂದು 46.31. ಅಷ್ಟು ಪೇಂಟ್! ಬಾವ ಇವತ್ತಿಗೂ ಗಿರಾಕಿಗಳ ಎದುರು ಆ ಕತೆ ಹೇಳಿ ನಗುತ್ತಾರೆ.

ಇನ್ನೊಂದು. 2021ರಿಂದ ಬರುವ ಪ್ರೋ ವಿ1ರಲ್ಲಿ ಡಿಂಪಲ್ (ಮೈಮೇಲಿನ ಗುಳಿ) 388. ನನಗೆ ಬಂದದ್ದರಲ್ಲಿ ಒಂದನ್ನು ಸ್ಕೆಚ್ ಪೆನ್‌ನಿಂದ ಚುಕ್ಕೆ ಇಟ್ಟು ಎಣಿಸಿದೆ. 352! ಪಕ್ಕಾ ಡುಪ್ಲಿಕೇಟ್.

ಬೆದ್ರದ_ಬೋಗಿ: ಸುಮ್ನೆ ದುಡ್ಡು ದಂಡ ಮಾಡಿದ್ದಕ್ಕೆ ನಾವೆಂತ ಮಾಡುವುದು? ನಾನು ನಾಲ್ಕು ವರ್ಷದಿಂದ ಯೂಸ್ಡ್ ಬಾಲ್ ಬಿಟ್ಟು ಬೇರೆ ಮುಟ್ಟಿಲ್ಲ. ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟಿದ್ದೇನೆ. ಒಟ್ಟು 388 ಬಾಲ್ (ನಿಮ್ಮ ಡಿಂಪಲ್‌ನಷ್ಟೇ!), ಖರ್ಚು 24,650. ಒಂದಕ್ಕೆ 64 ರೂಪಾಯಿ ಕೂಡ ಬೀಳಲಿಲ್ಲ. ಕಳೆದುಹೋದ ಬಾಲ್ ಹೆಕ್ಕಿ ಮಾರುವ ಹುಡುಗರ ಹತ್ತಿರ ನೇರ ಕೊಳ್ಳುತ್ತೇನೆ. ಹುಲ್ಲಲ್ಲಿ ಸಿಕ್ಕಿದ್ದು ಮಾತ್ರ, ನೀರಲ್ಲಿ ಬಿದ್ದದ್ದು ಬೇಡ. ಉಗುರಿನಲ್ಲಿ ಗೀರಿ ನೋಡುತ್ತೇನೆ, ಮೈ ಇಡೀ ಬೆರಳು ಆಡಿಸುತ್ತೇನೆ. ಸೀಳು ಇದ್ದರೆ ವಾಪಸ್. ಪೆನ್ನಿನ ಗುರುತು ಇದ್ದರೆ ಅಡ್ಡಿಯಿಲ್ಲ, ಅದಕ್ಕೆ ಹತ್ತು ರೂಪಾಯಿ ಕಮ್ಮಿ. ಒಳ್ಳೆಯ ಫಸಲು ಬರುವುದು ದೀಪಾವಳಿ ಆದ ಮೇಲೆ. ಮಳೆಗಾಲದಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ. ಅದನ್ನು ಕತ್ತರಿಸಿದಾಗ ಕಳೆದುಹೋದದ್ದೆಲ್ಲ ಹೊರಗೆ ಬರುತ್ತದೆ.

ಮತ್ತೆ, 2011ರಿಂದ 2019ರವರೆಗಿನ ಪ್ರೋ ವಿ1ಕ್ಕೆ 352 ಡಿಂಪಲ್ಲೇ. ನಿಮಗೆ ಬಂದದ್ದು ಅಸಲಿ. ಹಳೆ ಮಾಡೆಲ್, ಅಷ್ಟೇ.

ರಥಬೀದಿ_ಸ್ಲೈಸ್: ಹಳೆ ಮಾಡೆಲ್ ಅಂತ ಅವರು ಬರೆದಿರಲಿಲ್ಲವಲ್ಲ? ‘ಹೊಸ ಆವೃತ್ತಿ’ ಅಂತ ಹಾಕಿದ್ದರು. ಸ್ಕ್ರೀನ್‌ಶಾಟ್ ಉಂಟು ನನ್ನ ಹತ್ತಿರ. ಅಸಲಿ ಅಂತೆ ಅಸಲಿ!

ದೇರೇಬೈಲ್_ಡ್ರೈವರ್: ಬೋಗಿಯವರೇ, ‘ಹುಡುಗರ ಹತ್ತಿರ ನೇರ’ ಅಂದಿರಲ್ಲ. ಅದು ಯಾರ ಬಾಲ್ ಅಂತ ಕೇಳಿದ್ದೀರಾ? ನಾನು ಪ್ರತಿ ಬಾಲ್‌ಗೆ ಮೂರು ಹಸಿರು ಚುಕ್ಕೆ ಇಡುತ್ತೇನೆ. ಜನವರಿಯಲ್ಲಿ ಒಬ್ಬ ನನ್ನದೇ ಬಾಲ್ ನನಗೇ 80 ರೂಪಾಯಿಗೆ ಕೊಡಲು ಬಂದ. ಅದು ಬಿದ್ದು ಇಪ್ಪತ್ತು ನಿಮಿಷ ಆಗಿರಲಿಲ್ಲ. ನಾನು ಇನ್ನೂ ಅಲ್ಲೇ ಹುಡುಕುತ್ತಿದ್ದೆ!

ಬೆದ್ರದ_ಬೋಗಿ: ಹುಡುಕಲು ಮೂರೇ ನಿಮಿಷ. ಅದು ದಾಟಿದರೆ ಲಾಸ್ಟ್ ಬಾಲ್, ಕಳೆದುಹೋದ ಲೆಕ್ಕ. ನೀವು ಇಪ್ಪತ್ತು ನಿಮಿಷ ಹುಡುಕುತ್ತೀರಿ ಅಂತ ಈಗ ಗೊತ್ತಾಯಿತು. ಹಿಂದೆ ನಿಂತು ಬಿಸಿಲಲ್ಲಿ ಒಣಗಿದವರು ನಾವು.

ದೇರೇಬೈಲ್_ಡ್ರೈವರ್: ಮಾತು ತಿರುಗಿಸಬೇಡಿ. ನಾನು ಈಗ ಹೊಸ ಟೂ ಪೀಸ್ ಬಾಲ್ (ಒಳಗೆ ಒಂದು ಉಂಡೆ, ಮೇಲೆ ಒಂದು ಕವರ್) ಮಾತ್ರ. ಡಜನ್ 1,650. ಕವರ್ ಗಟ್ಟಿ, ಮುರಕಲ್ಲಿಗೆ ಬಡಿದರೂ ಬೇಗ ಸೀಳುವುದಿಲ್ಲ. ಪ್ರೋ ವಿ1ರ ಯುರೆಥೇನ್ ಕವರ್ ಇರುವುದು ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) ಹತ್ತಿರ ವೆಡ್ಜ್‌ನಲ್ಲಿ ಸ್ಪಿನ್ ಬರಲು. ನಮ್ಮಂಥವರ ಬಾಲ್ ಮೊದಲು ಗ್ರೀನ್ ತಲುಪಬೇಕಲ್ಲ?

ಮೊದಲು ನಾನೂ ರಿಫರ್ಬಿಶ್ಡ್ ಆಡಿದವನೇ. ಹೊರ ಊರಿನ ಒಂದು ಟೂರ್ನಮೆಂಟ್‌ಗೆ ಹೋಗಿದ್ದೆ. ಪ್ರವೇಶ ಶುಲ್ಕ 3,500, ರೂಮ್ 2,800, ಪೆಟ್ರೋಲ್ ಬೇರೆ. ಒಪ್ಪಿತ ಬಾಲ್‌ಗಳ ಪಟ್ಟಿಯಲ್ಲಿ ಇರುವುದನ್ನೇ ಆಡಬೇಕು ಎಂಬ ಲೋಕಲ್ ರೂಲ್ ಹಾಕಿದ್ದರು. ಆ ರೂಲ್ ಇದ್ದ ಕಡೆ ರಿಫರ್ಬಿಶ್ಡ್ ನಡೆಯುವುದಿಲ್ಲ. ಮೂಲ ಮಾಡೆಲ್ ಪಟ್ಟಿಯಲ್ಲಿ ಇದ್ದರೂ ಇಲ್ಲ. ಎಕ್ಸ್ ಔಟ್ (ದೋಷ ಇದೆ ಅಂತ ಕಂಪನಿಯೇ X ಗುರುತು ಹಾಕಿದ) ಬಾಲ್ ಕೂಡ ಹಾಗೇ. ನಾಲ್ಕನೇ ಹೋಲ್‌ನಲ್ಲಿ ಜೊತೆಗಾರ ನನ್ನ ಬಾಲ್ ಎತ್ತಿ ನೋಡಿ ‘ಇದೆಂತ, ರಿಫರ್ಬಿಶ್ಡ್ ಅಂತ ಒತ್ತಿದ್ದಾರಲ್ಲ’ ಅಂದ. ಹೊರಗೆ! ಊಟದ ಕೂಪನ್ ಮಾತ್ರ ಕೊಟ್ಟರು. ಅದೂ ವೆಜ್.

ಮಣಿಪಾಲ_ಪಾರ್: ರೂಲ್ ಓದದೆ ಹೋದದ್ದು ನಿಮ್ಮ ತಪ್ಪು, ಬಾಲ್‌ನದ್ದಲ್ಲ. ಆ ಲೋಕಲ್ ರೂಲ್ ಇಲ್ಲದ ಕಡೆ ರಿಫರ್ಬಿಶ್ಡ್ ಆಡಬಹುದು. ನಾನು ಎರಡು ವರ್ಷ ಆಡಿದ್ದೇನೆ, ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಂಕ, ಕಮ್ಮಿ ಆದಷ್ಟು ಒಳ್ಳೆಯದು) 24ರಿಂದ 17ಕ್ಕೆ ಇಳಿದಿದೆ. ಪೇಂಟ್ ಹೋದರೆ ಹೋಗಲಿ, ಎರಡು ರೌಂಡ್ ಯಾವ ಬಾಲ್ ನಿಮ್ಮ ಕೈಯಲ್ಲಿ ಉಳಿಯುತ್ತದೆ ಹೇಳಿ?

ರಥಬೀದಿ_ಸ್ಲೈಸ್: 17 ಅಂತೆ. ಫೆಬ್ರವರಿಯಲ್ಲಿ ನನ್ನ ಜೊತೆ ಒಂದು ರೌಂಡ್‌ಗೆ 108 ಹೊಡೆತ ಹೊಡೆದವರು ನೀವೇ ಅಲ್ವಾ?

ಮಣಿಪಾಲ_ಪಾರ್: ಅವತ್ತು ಜ್ವರ ಇತ್ತು.

ದೇರೇಬೈಲ್_ಡ್ರೈವರ್: ಜ್ವರದಲ್ಲಿ ಎರಡು ಪ್ಲೇಟ್ ನೀರ್ ದೋಸೆ, ಮೇಲೆ ಕೋರಿ ಗಸಿ. ನಾನೂ ಎದುರಲ್ಲೇ ಕೂತಿದ್ದೆ.

ಬೆದ್ರದ_ಬೋಗಿ: ಇವರೆಲ್ಲ ಬೆಳಿಗ್ಗೆ ಲೇಟ್ ಆಗಿ ಬರುವುದೇ ಆ ದೋಸೆಯಿಂದ. ನಾನು ಬೆದ್ರದಿಂದ (ಮೂಡುಬಿದಿರೆ) ಹೊರಟು, ಆ ಹೈವೇ ಕೆಲಸದ ಧೂಳು ಕುಡಿದು, ಆರೂವರೆಗೆ ಮೊದಲ ಹೊಡೆತದ ಟೀ ಹತ್ತಿರ ನಿಂತಿರುತ್ತೇನೆ.

ಕಾಪು_ಹೊಸಬ: ಹಾಗಾದರೆ 2,200ರದ್ದು ಆರ್ಡರ್ ಮಾಡಲಾ?

ಬೆದ್ರದ_ಬೋಗಿ: ಆನ್‌ಲೈನ್ ಯಾಕೆ? ಭಾನುವಾರ ಬನ್ನಿ, ಹುಡುಗರನ್ನು ಪರಿಚಯ ಮಾಡಿಸುತ್ತೇನೆ.

ದೇರೇಬೈಲ್_ಡ್ರೈವರ್: ತೆಗೆದುಕೊಳ್ಳಿ ತಮ್ಮಾ. ಹಸಿರು ಚುಕ್ಕೆ ಮೂರು ಇದ್ದರೆ ನನಗೆ ವಾಪಸ್ ಕೊಡಿ.

ರಥಬೀದಿ_ಸ್ಲೈಸ್: ಡಿಂಪಲ್ ಪುನಃ ಎಣಿಸಿದೆ, ಈ ಸಲ ಕೆಂಪು ಪೆನ್ನಿನಲ್ಲಿ. 351. ಹಳೆ ಮಾಡೆಲ್ ಕೂಡ ಅಲ್ಲ ಇದು, ಹೇಳಿದೆನಲ್ಲ!

ಬೆದ್ರದ_ಬೋಗಿ: ಒಂದು ಪೇಂಟ್‌ನಲ್ಲಿ ಮುಚ್ಚಿರಬೇಕು. ಉಗುರಿನಲ್ಲಿ ಗೀರಿ ನೋಡಿ.