ತಾಲ್ಲೂಕಿನ ಆರೋಗ್ಯ ಸಿಬ್ಬಂದಿ ಟರ್ನ್‌ಓವರ್ 35% ಬರ್ತಿದೆ, ಲೆಕ್ಕವೂ ತಾಳೆ ಆಗ್ತಿಲ್ಲ. ಎಲ್ಲಿ ನೋಡಬೇಕು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಆರೋಗ್ಯ ಕಚೇರಿಯೊಂದರಲ್ಲಿ ಡೇಟಾ ನೋಡಿಕೊಳ್ಳುತ್ತೇನೆ. ವರ್ಷದಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು, ಟರ್ನ್‌ಓವರ್ (ಅಂದರೆ ಸಿಬ್ಬಂದಿಯಲ್ಲಿ ಬಿಟ್ಟವರು ಶೇಕಡಾ ಎಷ್ಟು) ಎಷ್ಟು ಅಂತ ಜಿಲ್ಲೆಯಿಂದ ಕೇಳಿದ್ದಾರೆ. ನನ್ನ ಹತ್ತಿರ ಎರಡು ಎಕ್ಸೆಲ್ ಪಟ್ಟಿ ಇವೆ, 2024 ಮಾರ್ಚ್ 31ರದ್ದು ಮತ್ತು 2025 ಮಾರ್ಚ್ 31ರದ್ದು. ವೈದ್ಯರು, ನರ್ಸ್, ಪಿಎಚ್‌ಸಿಒ (ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ), ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ಲ್ಯಾಬ್ ಟೆಕ್ನಿಷಿಯನ್, ಡಿ ಗ್ರೂಪ್ ಎಲ್ಲರೂ ಇದ್ದಾರೆ. ಆಶಾ ಕಾರ್ಯಕರ್ತೆಯರನ್ನು ಸೇರಿಸಿಲ್ಲ.

ವಿಲುಕಪ್ (ಒಂದು ಪಟ್ಟಿಯ ಐಡಿಯನ್ನು ಇನ್ನೊಂದರಲ್ಲಿ ಹುಡುಕುವ ಎಕ್ಸೆಲ್ ಸೂತ್ರ) ಹಾಕಿ ಹಳೆ ಪಟ್ಟಿಯಲ್ಲಿದ್ದು ಹೊಸದರಲ್ಲಿ ಸಿಗದವರನ್ನು ‘ಬಿಟ್ಟವರು’ ಅಂದುಕೊಂಡೆ. ಹೊಸದರಲ್ಲಿ ಮಾತ್ರ ಇರುವವರು ‘ಸೇರಿದವರು’. ಮಾದರಿಗೆ ಅಂತ ಸ್ವಲ್ಪ ಬದಲಿಸಿದ ಅಂಕಿ ಕೊಡುತ್ತಿದ್ದೇನೆ: ಮೊದಲು 212, ಸೇರಿದವರು 61, ಬಿಟ್ಟವರು 74, ಕೊನೆಗೆ 207. ಆದರೆ 212ಕ್ಕೆ 61 ಕೂಡಿ 74 ಕಳೆದರೆ 199 ಬರಬೇಕು, 8 ಜಾಸ್ತಿ ಇದೆ. ಅದೂ ಅಲ್ಲದೆ 35% ಜನ ಬಿಟ್ಟಿದ್ದಾರೆ ಅಂದರೆ ನಂಬೋಕೆ ಆಗಲ್ಲ. ದಿನಾ ನೋಡುವ ಮುಖಗಳೇ ಇವೆ.

ಬಯಲುಸೀಮೆ:
ಮೊದಲು ಆ 8 ನೋಡೋಣ. 212ರಲ್ಲಿ 74 ಹೋದರೆ ಉಳಿದ ಹಳಬರು 138. ಹೊಸ ಪಟ್ಟಿಯ 207ರಲ್ಲಿ 61 ಹೊಸಬರಾದರೆ ಹಳಬರು 146. ಹಳಬರ ಗುಂಪು ಒಂದೇ, ಎಣಿಕೆ ಮಾತ್ರ ಎರಡು. ಅಂದರೆ ಹೊಸ ಪಟ್ಟಿಯಲ್ಲಿ ಯಾರೋ ಎರಡೆರಡು ಸಲ ಇದ್ದಾರೆ. ಎರಡೂ ಪಟ್ಟಿ ಒಂದೇ ಕಡೆಯಿಂದ ಬಂದಿವೆಯಾ?

ತುಂಗಾತೀರ:
ಇಲ್ಲ ಸರ್. ಹಳೆಯದು ಸಂಬಳದ ಬಿಲ್‌ನಿಂದ ತೆಗೆದದ್ದು. ಹೊಸದು ಪ್ರತಿ ಪಿಎಚ್‌ಸಿಯಿಂದ (ಪ್ರಾಥಮಿಕ ಆರೋಗ್ಯ ಕೇಂದ್ರ) ತರಿಸಿ ಒಟ್ಟು ಮಾಡಿದ್ದು.

ಬಯಲುಸೀಮೆ:
ಹಾಗಾದರೆ ಓಓಡಿ (ಬೇರೆ ಕಡೆ ಕೆಲಸಕ್ಕೆ ನಿಯೋಜನೆ) ಮೇಲೆ ಇರುವವರು ಅಂತ ಕಾಣುತ್ತೆ. ಸಂಬಳ ಒಂದು ಪಿಎಚ್‌ಸಿಯಲ್ಲಿ, ಕೆಲಸ ಇನ್ನೊಂದರಲ್ಲಿ. ಎರಡೂ ಪಿಎಚ್‌ಸಿಯವರು ತಮ್ಮವರು ಅಂತ ಬರೆದು ಕಳಿಸಿರುತ್ತಾರೆ. ಕೆಜಿಐಡಿ (ಕಾಯಂ ಸರ್ಕಾರಿ ನೌಕರರ ವಿಮಾ ಸಂಖ್ಯೆ) ಕಾಲಂ ಮೇಲೆ ಕೌಂಟಿಫ್ (ಒಂದು ಸಂಖ್ಯೆ ಎಷ್ಟು ಸಲ ಇದೆ ಅಂತ ಎಣಿಸುವ ಸೂತ್ರ) ಹಾಕಿ, 2 ಬಂದ ಸಾಲುಗಳನ್ನು ಫಿಲ್ಟರ್ ಮಾಡಿ. ಎಣಿಸುವಾಗ ಸಂಬಳ ಎಲ್ಲಿದೆಯೋ ಅಲ್ಲೇ ಇಟ್ಟುಕೊಳ್ಳಿ, ಕೆಲಸದ ಜಾಗಕ್ಕೆ ಬೇರೆ ಕಾಲಂ ಮಾಡಿ. ಆ ಕಾಲಂ ಅಳಿಸಬೇಡಿ, ಆಮೇಲೆ ಬೇಕಾಗುತ್ತೆ.

ಇನ್ನೊಂದು. ಕೆಜಿಐಡಿ ಕಾಲಂನಲ್ಲಿ ಕೆಲವು ಸೆಲ್‌ಗಳ ಎಡ ಮೂಲೆಯಲ್ಲಿ ಚಿಕ್ಕ ಹಸಿರು ತ್ರಿಕೋನ ಕಾಣುತ್ತಾ? ಹಾಗಿದ್ದರೆ ಆ ಸಂಖ್ಯೆ ಟೆಕ್ಸ್ಟ್ ಆಗಿ ಕೂತಿದೆ. ಕಣ್ಣಿಗೆ ಎರಡೂ ಒಂದೇ, ಕೌಂಟಿಫ್‌ಗೂ ಒಂದೇ. ವಿಲುಕಪ್‌ಗೆ ಮಾತ್ರ ಬೇರೆ ಬೇರೆ. ಆಗ ಅದೇ ಮನುಷ್ಯ ಒಂದು ಕಡೆ ‘ಬಿಟ್ಟವರು’, ಇನ್ನೊಂದು ಕಡೆ ‘ಸೇರಿದವರು’ ಆಗಿಬಿಡುತ್ತಾರೆ. ಕಾಲಂ ಆರಿಸಿ, ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ತೆರೆದು ನೇರ ಫಿನಿಶ್ ಒತ್ತಿ. ಸರಿಹೋಗುತ್ತೆ.

ಹೊಂಗೆಮರ:
ಗುತ್ತಿಗೆ ನೌಕರರಿಗೆ ಯಾವ ಐಡಿ ಹಾಕಿದ್ದೀರಿ ಮೇಡಂ? ಎನ್‌ಎಚ್‌ಎಂನವರಿಗೆ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಕೆಜಿಐಡಿ ಇರಲ್ಲ ಅಲ್ವಾ.

ತುಂಗಾತೀರ:
ಗುತ್ತಿಗೆ ಆದೇಶದ ಸಂಖ್ಯೆ.

ಹೊಂಗೆಮರ:
ದೊಡ್ಡ ಗಂಟು ಅಲ್ಲೇ ಇದೆ. ಏಪ್ರಿಲ್‌ನಲ್ಲಿ ನವೀಕರಣವಾದರೆ ಹೊಸ ಆದೇಶ, ಹೊಸ ಸಂಖ್ಯೆ. ಅದೇ ನರ್ಸ್, ಅದೇ ಕುರ್ಚಿ, ನಿಮ್ಮ ಹಾಳೆಯಲ್ಲಿ ಮಾತ್ರ ಹೊಸಬರು. ಹೆಸರಿನ ಮೇಲೂ ಹೊಂದಿಸೋಕೆ ಹೋಗಬೇಡಿ. ಒಬ್ಬರು ಇನಿಷಿಯಲ್ ಮುಂದೆ ಬರೆಯುತ್ತಾರೆ, ಇನ್ನೊಬ್ಬರು ಹಿಂದೆ. ಹುಟ್ಟಿದ ದಿನ ಮತ್ತು ಕೌನ್ಸಿಲ್ ನೋಂದಣಿ ಸಂಖ್ಯೆ ಸೇರಿಸಿ ಒಂದು ಕೀ ಮಾಡಿಕೊಳ್ಳಿ. ನೋಂದಣಿ ಇಲ್ಲದ ಹುದ್ದೆಗಳಿಗೆ ಹುಟ್ಟಿದ ದಿನದ ಜೊತೆ ಬ್ಯಾಂಕ್ ಖಾತೆಯ ಕೊನೆಯ ಅಂಕಿಗಳು ಸಾಕು. ಗುತ್ತಿಗೆಯಿಂದ ಕಾಯಂ ಆದವರೂ ಇದರಲ್ಲಿ ತಪ್ಪಿಸಿಕೊಳ್ಳಲ್ಲ. ಹೆರಿಗೆ ರಜೆಯಲ್ಲಿ ಇರುವವರನ್ನು ಯಾವ ಪಿಎಚ್‌ಸಿಯಾದರೂ ಕೈಬಿಟ್ಟಿದೆಯಾ ಅಂತಲೂ ನೋಡಿ.

ತುಂಗಾತೀರ:
ಎಲ್ಲ ಮಾಡಿದೆ. ಓಓಡಿಯವರು ಸರಿಯಾಗಿ 8 ಜನ! ಅವರ ಎರಡನೇ ಸಾಲು ತೆಗೆದ ಮೇಲೆ ಕೊನೆಯ ಸಂಖ್ಯೆ 199, ತಾಳೆ ಆಯಿತು. ಹಸಿರು ತ್ರಿಕೋನ ಒಂದೇ ಪಿಎಚ್‌ಸಿಯ 9 ಸಾಲುಗಳಲ್ಲಿತ್ತು. ಗುತ್ತಿಗೆ ನವೀಕರಣದವರು 29. ಹೆರಿಗೆ ರಜೆಯವರು ಪಟ್ಟಿಯಲ್ಲೇ ಇದ್ದಾರೆ. ಈಗ ಬಿಟ್ಟವರು 36, ಸೇರಿದವರು 23. ಸರಾಸರಿ ಸಿಬ್ಬಂದಿ 205.5, ಟರ್ನ್‌ಓವರ್ 17.5%. ಇದನ್ನೇ ಕಳಿಸಲಾ?

ಲೀಡ್ಸ್_ಕನ್ನಡತಿ:
ಕಳಿಸುವ ಮುಂಚೆ ಒಂದು ಮಾತು. ನಾನು ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಸಿಬ್ಬಂದಿ ಲೆಕ್ಕದ ಕೆಲಸದಲ್ಲಿದ್ದೇನೆ. ಇಲ್ಲಿ ಒಂದು ಟ್ರಸ್ಟ್ (ಆಸ್ಪತ್ರೆಗಳನ್ನು ನಡೆಸುವ ಎನ್‌ಎಚ್‌ಎಸ್ ಘಟಕ) ಬಿಟ್ಟು ಇನ್ನೊಂದಕ್ಕೆ ಹೋದ ನರ್ಸ್ ಆ ಟ್ರಸ್ಟಿನ ಲೆಕ್ಕದಲ್ಲಿ ಬಿಟ್ಟವರು, ಇಡೀ ಎನ್‌ಎಚ್‌ಎಸ್ ಲೆಕ್ಕದಲ್ಲಿ ಬಿಟ್ಟವರಲ್ಲ. ಹಾಗಾಗಿ ಟ್ರಸ್ಟ್‌ಗಳ ಅಂಕಿ ಕೂಡಿಸಿ ದೇಶದ ಅಂಕಿ ತೆಗೆಯೋಕೆ ಬರಲ್ಲ. ನಿಮ್ಮಲ್ಲೂ ಅದೇ. ಪಕ್ಕದ ತಾಲ್ಲೂಕಿಗೆ ವರ್ಗಾವಣೆ ಆದವರು ನಿಮಗೆ ನಷ್ಟ, ಜಿಲ್ಲೆಗೆ ಅಲ್ಲ. ತಾಲ್ಲೂಕುಗಳ ಟರ್ನ್‌ಓವರ್ ಕೂಡಿಸಿ ಸರಾಸರಿ ತೆಗೆದರೆ ಜಿಲ್ಲೆಯ ಅಂಕಿ ಸುಮ್ನೆ ಉಬ್ಬುತ್ತೆ.

ಇನ್ನೊಂದು, ತರಬೇತಿಯ ವೈದ್ಯರು ಇಲ್ಲಿ ಸರದಿಯಂತೆ ಆಸ್ಪತ್ರೆ ಬದಲಿಸುತ್ತಾರೆ. ಬಹಳ ಟ್ರಸ್ಟ್‌ಗಳು ಅವರನ್ನು ಟರ್ನ್‌ಓವರ್‌ನಿಂದ ಹೊರಗಿಡುತ್ತವೆ. ನಿಮ್ಮಲ್ಲಿ ಕಡ್ಡಾಯ ಗ್ರಾಮೀಣ ಸೇವೆಗೆ ಬರುವ ಎಂಬಿಬಿಎಸ್ ವೈದ್ಯರು ಹಾಗೆಯೇ. ಒಂದು ವರ್ಷ ಮುಗಿಸಿ ಹೋಗುವುದೇ ಅವರ ನಿಯಮ. ಅವರನ್ನು ರಾಜೀನಾಮೆಯ ಜೊತೆ ಒಂದೇ ಬುಟ್ಟಿಗೆ ಹಾಕಬೇಡಿ.

ಬಯಲುಸೀಮೆ:
ನಿವೃತ್ತಿಯನ್ನೂ ಬೇರೆ ಇಡಿ. 60 ತುಂಬುವ ದಿನ ಮೊದಲೇ ಗೊತ್ತಿರುತ್ತೆ. ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆಸಿದವರು ನಮ್ಮಲ್ಲಿ ಎಷ್ಟೋ ಜನ. 1ನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಹಾಗಾಗಿ ಮೇ 31ಕ್ಕೆ ಗುಂಪಾಗಿ ಹೋಗುತ್ತಾರೆ. ಅದು ಯೋಜನೆ ಮಾಡಬಹುದಾದ ಖಾಲಿ.

ತುಂಗಾತೀರ:
36 ಜನರನ್ನು ಬಿಡಿಸಿದೆ. ಬೇರೆ ತಾಲ್ಲೂಕಿಗೆ ವರ್ಗಾವಣೆ 14, ಕಡ್ಡಾಯ ಸೇವೆ ಮುಗಿಸಿದವರು 6, ನಿವೃತ್ತಿ 5, ರಾಜೀನಾಮೆ 11. ಜಿಲ್ಲೆಯ ಕಣ್ಣಿನಿಂದ ನೋಡಿದರೆ ವರ್ಗಾವಣೆಯ 14 ಬಿಟ್ಟು 22 ಜನ, 10.7%. ತಾವಾಗಿ ಬಿಟ್ಟವರು 5.4% ಮಾತ್ರ. ಇಷ್ಟು ಕಡಿಮೆ ಅಂದರೆ ನಮ್ಮಲ್ಲಿ ತೊಂದರೆಯೇ ಇಲ್ಲ ಅನ್ನೋ ಹಾಗೆ ಕಾಣುತ್ತೆ. ಅದೂ ನಿಜ ಅಲ್ಲ.

ಹೊಂಗೆಮರ:
ನಿಜ ಅಲ್ಲ, ಖಂಡಿತ. ಈ ಲೆಕ್ಕಕ್ಕೆ ಎರಡು ಕಡೆ ಕಣ್ಣಿಲ್ಲ. ಮೇನಲ್ಲಿ ಸೇರಿ ನವೆಂಬರ್‌ನಲ್ಲಿ ಬಿಟ್ಟವರು ಎರಡೂ ಪಟ್ಟಿಯಲ್ಲಿ ಇರಲ್ಲ. ಅವರಿಗಾಗಿ ಪ್ರತಿ ತಿಂಗಳ ಸಂಬಳದ ಬಿಲ್ ಹೋಲಿಸಬೇಕು. 12 ತಿಂಗಳ ಬಿಲ್ ಸಿಗದಿದ್ದರೆ ಸೆಪ್ಟೆಂಬರ್ 30ರದ್ದನ್ನಾದರೂ ನಡುವೆ ಸೇರಿಸಿ.

ಎರಡನೆಯದು ನನಗೆ ಹೆಚ್ಚು ಮುಖ್ಯ. ತಾಲ್ಲೂಕಿನ ಒಳಗೇ ಒಂದು ಉಪಕೇಂದ್ರದಿಂದ (ಪಿಎಚ್‌ಸಿಯ ಕೆಳಗಿನ ಚಿಕ್ಕ ಆರೋಗ್ಯ ಕೇಂದ್ರ) ಇನ್ನೊಂದಕ್ಕೆ ಹೋದವರು ನಿಮ್ಮ 36ರಲ್ಲಿ ಇಲ್ಲ. ಬಯಲು ಪ್ರದೇಶದಲ್ಲಿ ಒಂದು ಉಪಕೇಂದ್ರಕ್ಕೆ 5000 ಜನ ಅಂತ ಮಾನದಂಡ. ಅಲ್ಲಿ ಬಿಪಿ, ಶುಗರ್ ಮಾತ್ರೆಗೆ ಬರುವವರನ್ನು, ಟಿಬಿ ಮಾತ್ರೆ ನಡುವೆ ನಿಲ್ಲಿಸುವವರನ್ನು ಮುಖ ನೋಡಿ ಗುರುತಿಸುವವರು ಸಿಎಚ್‌ಒ ಮತ್ತು ಪಿಎಚ್‌ಸಿಒ. ಹುದ್ದೆ ಭರ್ತಿ ಇದೆ ಅಂತ ಖಾಲಿ ಹುದ್ದೆಗಳ ವರದಿ ಹೇಳುತ್ತೆ. ಊರಿನವರಿಗೆ ಪ್ರತಿ ವರ್ಷ ಹೊಸ ಸಿಸ್ಟರ್. ಇದನ್ನು ಹಿಡಿಯೋಕೆ ಟರ್ನ್‌ಓವರ್ ಸಾಲದು. ವರ್ಷದ ಮೊದಲು ಇದ್ದವರಲ್ಲಿ ಎಷ್ಟು ಜನ ಅದೇ ಉಪಕೇಂದ್ರದಲ್ಲಿ ಉಳಿದರು ಅಂತ ಎಣಿಸಿ. ಓಓಡಿಗೆ ಮಾಡಿದ ‘ಕೆಲಸದ ಜಾಗ’ ಕಾಲಂ ಈಗ ಬೇಕು.

ತುಂಗಾತೀರ:
ಸಿಎಚ್‌ಒಗಳನ್ನು ಮಾತ್ರ ನೋಡಿದೆ. ಮೊದಲು 18 ಜನ. ಅದೇ ಉಪಕೇಂದ್ರದಲ್ಲಿ ಉಳಿದವರು 11, ಅಂದರೆ 61%. ಉಳಿದ 7ರಲ್ಲಿ 4 ರಾಜೀನಾಮೆ, 3 ತಾಲ್ಲೂಕಿನ ಒಳಗೇ ಜಾಗ ಬದಲು. ಆ ಮೂವರು ಇಲ್ಲಿಯವರೆಗೂ ಯಾವ ಲೆಕ್ಕದಲ್ಲೂ ಕಂಡಿರಲಿಲ್ಲ. 11 ರಾಜೀನಾಮೆಗಳಲ್ಲಿ 4 ಇವರದ್ದೇ ಅನ್ನೋದೂ ಈಗಲೇ ಗೊತ್ತಾಗಿದ್ದು.

ಲೀಡ್ಸ್_ಕನ್ನಡತಿ:
ಶೇಕಡಾ ಜೊತೆಗೆ 18ರಲ್ಲಿ 11 ಅಂತಲೂ ಬರೆಯಿರಿ. ಸಂಖ್ಯೆ ಚಿಕ್ಕದಾದಾಗ ಒಬ್ಬರು ಹೋದರೂ ಶೇಕಡಾ ಜಿಗಿಯುತ್ತೆ. ಒಂದೊಂದು ಪಿಎಚ್‌ಸಿಗೆ ಟರ್ನ್‌ಓವರ್ ಹಾಕಿ ಹೋಲಿಸೋದಂತೂ ಬೇಡ.

ತುಂಗಾತೀರ:
ಆಯಿತು. ತಾಲ್ಲೂಕಿನ 17.5%, ಜಿಲ್ಲೆಯ ಲೆಕ್ಕಕ್ಕೆ 10.7%, ಕಾರಣವಾರು ಪಟ್ಟಿ, ಜೊತೆಗೆ ಆ 7 ಉಪಕೇಂದ್ರಗಳ ಹೆಸರನ್ನು ಮೊದಲ ಪುಟದಲ್ಲೇ ಹಾಕಿ ಕಳಿಸುತ್ತೇನೆ. ಮುಂದಿನ ತಿಂಗಳಿಂದ ಸಂಬಳದ ಬಿಲ್ ಪ್ರತಿ ಕೂಡ ಉಳಿಸಿಕೊಳ್ಳುತ್ತೇನೆ. ಎಲ್ಲರಿಗೂ ತುಂಬಾ ಧನ್ಯವಾದ. ಸಮಸ್ಯೆ ಪರಿಹಾರವಾಗಿದೆ ಅಂತ ಗುರುತು ಹಾಕುತ್ತಿದ್ದೇನೆ.